ಮರಳುಗಾಡಿನ ಕೋಟೆಗಳಲ್ಲಿ ಅಪ್ಪ ಹುಡುಕಿದ ಬಾವಿ

ಪೆಟ್ರಾ ನೋಡಿಕೊಂಡು ಜೋರ್ಡಾನ್‌ನ ರಾಜಧಾನಿ ಅಮ್ಮಾನ್‌ಗೆ ವಾಪಸ್ ಬಂದ ರಾತ್ರಿ ಅಪ್ಪ ಮಂಚದ ಮೇಲೆ ಕೂತು ಮಂಡಿಗೆ ನೋವಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಇನ್ನು ನನ್ನ ಕೈಲಾಗಲ್ಲಮ್ಮ. ನಾಡಿದ್ದು ನೀನೇ ಹೋಗಿ ಬಾ, ನಾನು ರೂಮಲ್ಲೇ ಇರ್ತೀನಿ" ಎಂದರು. ಅಪ್ಪನಿಗೆ 72. ಸಣ್ಣ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು, ಚಿತ್ರದುರ್ಗ ಜಿಲ್ಲೆಯ ಕೆರೆ ಏರಿಗಳ ಮೇಲೆ ಮೂವತ್ತು ವರ್ಷ ನಡೆದವರು. ದುಬೈಯಲ್ಲಿರುವ ನನ್ನ ಮನೆಗೆ ಬಂದಾಗ, ಹೇಗೂ ಹತ್ತಿರ ಅಲ್ವಾ ಅಂತ ಜೋರ್ಡಾನ್‌ಗೆ ಎಳೆದುಕೊಂಡು ಹೋಗಿದ್ದೆ.

ನಾಡಿದ್ದು ಅಂದರೆ ಮರಳುಗಾಡಿನ ಕೋಟೆಗಳ ದಿನ. ಅಮ್ಮಾನ್‌ನ ಪೂರ್ವಕ್ಕೆ, ಸೌದಿ ಮತ್ತು ಇರಾಕ್ ಕಡೆ ಹೋಗುವ ದಾರಿಯಲ್ಲಿ, ಹದಿಮೂರು ಶತಮಾನ ಹಿಂದಿನ ಕಟ್ಟಡಗಳು ಚದುರಿಕೊಂಡಿವೆ. ಅಲ್ಲಿಗೆಲ್ಲ ಬಸ್ಸು ನಂಬಿಕೊಂಡು ಹೋಗುವ ಹಾಗಿಲ್ಲ. ಗುಂಪಿನ ಜೊತೆ ಹೋದರೆ ಒಂದೊಂದು ಕಡೆ ಇಪ್ಪತ್ತು ನಿಮಿಷ, ಆಮೇಲೆ ಸೀಟಿ. ಅಪ್ಪ ಕಾರಿಂದ ಇಳಿಯುವುದಕ್ಕೇ ಐದು ನಿಮಿಷ ಬೇಕು. ಹಾಗಾಗಿ ನಮಗೇ ಅಂತ ಒಂದು ಕಾರು, ಒಬ್ಬ ಗೈಡ್ ಮಾಡಿಕೊಳ್ಳೋಣ ಎಂದುಕೊಂಡೆ.

ಇಲ್ಲಿ ನಾನು ಒಂದು ಪೆಟ್ಟು ತಿಂದೆ. ದುಬೈಯಿಂದಲೇ ಒಂದು ಕಡೆ 'ಪ್ರೈವೇಟ್ ಗೈಡೆಡ್ ಟೂರ್' ಅಂತ ಅಡ್ವಾನ್ಸ್ ಕಟ್ಟಿದ್ದೆ. ಹಿಂದಿನ ದಿನ ಫೋನ್ ಮಾಡಿದರೆ, ಡ್ರೈವರಿಗೆ ಇಂಗ್ಲಿಷ್ ಬರುತ್ತೆ, ದಾರಿಯಲ್ಲಿ ಮಾತಾಡ್ತಾನೆ, ಒಳಗೆ ಮಾತ್ರ ಬರೋ ಹಾಗಿಲ್ಲ ಎಂದರು. ಜೋರ್ಡಾನ್‌ನಲ್ಲಿ ಸ್ಮಾರಕದ ಒಳಗೆ ನಿಂತು ವಿವರಿಸಲು ಲೈಸೆನ್ಸ್ ಇರುವ ಗೈಡೇ ಆಗಬೇಕು, ಅವರಿಗೆ ಬೇರೆ ದುಡ್ಡು. ಕ್ಯಾನ್ಸಲ್ ಮಾಡಿದೆ. ಅಡ್ವಾನ್ಸಿನಲ್ಲಿ ಅರ್ಧ ಬಂತು, ಅರ್ಧ ಬರಲಿಲ್ಲ. ಕೊನೆಗೆ ಹೋಟೆಲ್ ರಿಸೆಪ್ಷನ್‌ನವರೇ ಒಬ್ಬ ಗೈಡ್ ಹುಡುಕಿಕೊಟ್ಟರು. ನೀವು ಹೋಗುವುದಾದರೆ 'ಗೈಡ್ ನಮ್ಮ ಜೊತೆ ಒಳಗೆ ಬರ್ತಾರಾ?' ಅಂತ ಬಾಯಿಬಿಟ್ಟು ಕೇಳಿ. ಪ್ರವಾಸಿಗಳಿಗೆ ಅಂತಲೇ ಇರುವ ಜೋರ್ಡಾನ್ ಪಾಸ್ ಇದ್ದರೆ ಕೋಟೆಗಳ ಟಿಕೆಟ್ ಅದರಲ್ಲೇ ಬರುತ್ತದೆ.

ಗೈಡ್‌ಗೆ ನಲವತ್ತರ ಆಸುಪಾಸು. ಫೆಬ್ರುವರಿಯ ಚಳಿಗೆ ದಪ್ಪ ಜಾಕೆಟ್ ಹಾಕಿ ಎಂಟು ಗಂಟೆಗೆ ಸರಿಯಾಗಿ ಬಂದರು. ಅಪ್ಪನ ಕೈ ಹಿಡಿದು ಕಾರು ಹತ್ತಿಸುತ್ತಾ "ಪ್ಲೀಸ್, ಅಮ್ಮೊ" ಎಂದರು. ಅಪ್ಪ ತಿರುಗಿ ನನ್ನನ್ನು ನೋಡಿದರು. "ನನ್ನನ್ನ ಅಮ್ಮ ಅಂತಿದಾನಲ್ಲಮ್ಮಾ ಇವ್ನು!" ಆ ಕಡೆಯ ಅರಬ್ಬಿಯಲ್ಲಿ ಅಮ್ಮೊ ಅಂದರೆ ಚಿಕ್ಕಪ್ಪ, ದೊಡ್ಡಪ್ಪ. ವಯಸ್ಸಾದವರನ್ನು ಹಾಗೇ ಕರೆಯುತ್ತಾರೆ. ಗೈಡ್‌ಗೆ ನಮ್ಮ ಭಾಷೆಯ ಅರ್ಥ ಹೇಳಿದ ಮೇಲೆ ಆತ ಇನ್ನೂ ಜಾಸ್ತಿ ಕರೆಯತೊಡಗಿದರು.

ಊರು ದಾಟುವವರೆಗೂ ಅಪ್ಪ ಕಿಟಕಿಯಿಂದ ಮೇಲೇ ನೋಡುತ್ತಿದ್ದರು. ಅಮ್ಮಾನ್‌ನ ಪ್ರತಿ ಮನೆಯ ತಾರಸಿಯ ಮೇಲೂ ಎರಡು, ಮೂರು, ನಾಲ್ಕು ನೀರಿನ ಟ್ಯಾಂಕ್. "ಯಾಕಿಷ್ಟು ಟ್ಯಾಂಕು?" ಗೈಡ್ ಹೇಳಿದರು: ಇಲ್ಲಿ ಏರಿಯಾ ಪ್ರಕಾರ ಸರದಿ. ವಾರಕ್ಕೊಂದು ಸಲ ನೀರು ಬಿಡುತ್ತಾರೆ, ಆಗ ತುಂಬಿಸಿಕೊಂಡದ್ದೇ ವಾರವಿಡೀ. ಅಪ್ಪನಿಗೆ ಮಂಡಿ ನೋವು ಮರೆತುಹೋಯಿತು. ಟ್ಯಾಂಕ್ ಎಷ್ಟು ಲೀಟರ್, ಮನೆಗೆ ಎಷ್ಟು ಜನ, ಪ್ರೆಶರ್ ಸಾಕಾಗುತ್ತಾ, ಪ್ರಶ್ನೆಯ ಮೇಲೆ ಪ್ರಶ್ನೆ. ಇತಿಹಾಸ ಹೇಳಲು ಬಂದ ಗೈಡ್ ಮೊದಲ ಅರ್ಧ ಗಂಟೆ ಹೇಳಿದ್ದು ನಲ್ಲಿಯ ಕಥೆ.

ಮರಳುಗಾಡು ಅಂದರೆ ಮರಳಿನ ದಿಬ್ಬ ಅಂತ ನಮ್ಮ ತಲೆಯಲ್ಲಿ ಕೂತಿದೆ. ಇಲ್ಲಿ ಮರಳೇ ಇಲ್ಲ. ಕಂದು ಮಣ್ಣು, ಜಲ್ಲಿ ಕಲ್ಲು, ಮಟ್ಟಸವಾದ ಬಯಲು. ಅದರ ನಡುವೆ ಹೈಟೆನ್ಷನ್ ಕಂಬಗಳು, ಲಾರಿಗಳ ಸಾಲು. ಸುಮಾರು 60 ಕಿಲೋಮೀಟರ್ ಹೋದ ಮೇಲೆ ದೂರದಲ್ಲಿ ಯಾರೋ ಒಂದು ಪೆಟ್ಟಿಗೆ ಇಟ್ಟು ಮರೆತು ಹೋದ ಹಾಗೆ ಕಂಡಿತು. ಅದೇ ಖಸ್ರ್ ಖರಾನಾ.

ಹತ್ತಿರ ಹೋದರೆ ಪಕ್ಕಾ ಕೋಟೆ. ಒಂದೊಂದು ಬದಿ ಸುಮಾರು 35 ಮೀಟರ್, ಮೂಲೆಗೊಂದು ದುಂಡು ಬುರುಜು, ಗೋಡೆ ತುಂಬ ಬಾಣ ಬಿಡುವಂಥ ಸಂದಿಗಳು. ಎಲ್ಲ ಬರೀ ಮೋಸ! ಬುರುಜುಗಳ ಒಳಗೆ ಜಾಗವೇ ಇಲ್ಲ, ಗಟ್ಟಿ ಕಲ್ಲು ತುಂಬಿದ್ದಾರೆ. ಗೈಡ್ ನನ್ನನ್ನು ಒಂದು ಸಂದಿಯ ಕೆಳಗೆ ನಿಲ್ಲಿಸಿ "ಈಗ ಬಾಣ ಬಿಡಿ" ಎಂದರು. ಕೈ ಎತ್ತಿದರೂ ಎಟುಕಲಿಲ್ಲ. ಅವು ಗಾಳಿಗೆ, ಬೆಳಕಿಗೆ ಬಿಟ್ಟ ಸಂದಿಗಳು. ಒಳಗೆ ಅಂಗಳ, ಸುತ್ತ ಎರಡು ಅಂತಸ್ತಿನಲ್ಲಿ ಅರವತ್ತರಷ್ಟು ಕೋಣೆ. ಮೇಲಿನ ಒಂದು ಕೋಣೆಯ ಗೋಡೆಯ ಮೇಲೆ ಯಾರೋ ಬರೆದಿಟ್ಟ ಸಾಲುಗಳಲ್ಲಿ ಹಿಜರಿ 92, ಅಂದರೆ ಕ್ರಿ.ಶ. 710ರ ತಾರೀಖಿದೆ. ಡಮಾಸ್ಕಸ್‌ನಿಂದ ಆಳುತ್ತಿದ್ದ ಉಮಯ್ಯದ್ ಖಲೀಫರ ಕಾಲ. ಅವರ ಕಡೆಯವರು ಇಲ್ಲಿನ ಬದವಿ ಅಲೆಮಾರಿಗಳ ಮುಖಂಡರನ್ನು ಕರೆಸಿ ಮಾತಾಡುತ್ತಿದ್ದ ಜಾಗ ಇರಬೇಕು ಎಂಬುದು ತುಂಬ ಜನ ಒಪ್ಪುವ ಊಹೆ.

ಅಪ್ಪ ಮೇಲೆ ಬರಲಿಲ್ಲ. ಅಂಗಳದ ನಡುವೆ ನಿಂತು ನೆಲ ನೋಡುತ್ತಿದ್ದರು. ನಾನು ಇಳಿದು ಬಂದ ತಕ್ಷಣ, "ಅಲ್ಲಾ ಸಾರ್, ಬಾವಿ ಎಲ್ಲಿ?" ಎಂದು ಗೈಡ್‌ರನ್ನು ಕೇಳಿದರು.

"ಅದೇ ಇಲ್ಲಿಯ ತಲೆನೋವು ಅಮ್ಮೊ. ಬಾವಿ ಇಲ್ಲ."

"ಬಾವಿ ಇಲ್ಲದ ಕಡೆ ಇಷ್ಟು ದೊಡ್ಡದು ಕಟ್ಟಿದ್ರಾ?" ಅಪ್ಪನಿಗೆ ಅದು ನಂಬುವ ಮಾತಾಗಿ ಕಾಣಲಿಲ್ಲ. ಇದು ಒಂಟೆಗಳ ಸಾಲು ತಂಗುವ ಛತ್ರ ಎಂದು ಮೊದಲು ಕೆಲವರು ಹೇಳುತ್ತಿದ್ದರಂತೆ. ನೀರಿಲ್ಲದ ಛತ್ರ ಯಾವ ಊರಲ್ಲಿದೆ ಎಂದು ಅಪ್ಪ ಅದನ್ನೂ ತಳ್ಳಿಹಾಕಿದರು.

ಅಲ್ಲಿಂದ ಹದಿನೈದು ನಿಮಿಷಕ್ಕೆ ಖುಸೈರ್ ಅಮ್ರಾ. ಇದಕ್ಕಾಗಿಯೇ ಇಡೀ ದಿನ ಮೀಸಲಿಟ್ಟರೂ ತಪ್ಪಿಲ್ಲ. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಮೂರು ಉದ್ದ ಕಮಾನು ಸೂರು, ಪಕ್ಕದಲ್ಲೊಂದು ಪುಟ್ಟ ಗುಮ್ಮಟ. ಗೋದಾಮಿನ ಹಾಗಿದೆ. 1985ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದ್ದು ಯಾಕೆ ಅಂತ ಒಳಗೆ ಕಾಲಿಟ್ಟು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಗೊತ್ತಾಗುತ್ತದೆ. ಗೋಡೆ, ಸೂರು, ಕಮಾನಿನ ಒಳಮೈ, ಎಲ್ಲೂ ಒಂದಿಂಚು ಬಿಡದೆ ಚಿತ್ರ. ಕಾಡುಕತ್ತೆಗಳನ್ನು ಬಲೆಗೆ ಅಟ್ಟುವ ಬೇಟೆ. ಸ್ನಾನ ಮಾಡುವ ಹೆಂಗಸು. ಒಂದು ಕರಡಿ ಕೂತು ತಂತಿವಾದ್ಯ ನುಡಿಸುತ್ತಿದೆ, ಪಕ್ಕದಲ್ಲಿ ಕೋತಿ ಚಪ್ಪಾಳೆ ತಟ್ಟುತ್ತಿದೆ! ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೂರಿನ ಒಂದು ಕಡೆ ಚೌಕ ಚೌಕವಾಗಿ ಬರೆದ ಕೂಲಿಗಳು. ಒಬ್ಬ ಕಲ್ಲು ಒಡೆಯುತ್ತಿದ್ದಾನೆ, ಒಂಟೆಯ ಮೇಲೆ ಕಲ್ಲು ಬರುತ್ತಿದೆ. ಕಟ್ಟಿಸಿದ ದೊರೆಯ ಚಿತ್ರ ಎಲ್ಲ ಕಡೆ ಇರುತ್ತದೆ. ಕಟ್ಟಿದವರನ್ನು ಸೂರಿಗೇರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಪಶ್ಚಿಮದ ಗೋಡೆಯಲ್ಲಿ ಆರು ರಾಜರು ನಿಂತಿದ್ದಾರೆ. ಬೈಜಾಂಟಿಯಂನ ಸೀಸರ್, ಸ್ಪೇನಿನ ರೊಡೆರಿಕ್, ಪರ್ಷಿಯಾದ ಖುಸ್ರೊ, ಅಬಿಸೀನಿಯಾದ ನೆಗಸ್. ಗ್ರೀಕ್ ಮತ್ತು ಅರಬ್ಬಿಯಲ್ಲಿ ಹೆಸರು ಬರೆದಿದ್ದರು. ಈಗ ಹೆಸರೂ ಮುಖವೂ ಬಹುಪಾಲು ಅಳಿಸಿವೆ, ಬಟ್ಟೆಯ ಬಣ್ಣ ಅಲ್ಲಲ್ಲಿ ಉಳಿದಿದೆ. ಈ ಕಟ್ಟಡವನ್ನು ಹೊರಜಗತ್ತಿಗೆ ತೋರಿಸಿದ್ದು ಅಲೋಯಿಸ್ ಮುಸಿಲ್ ಎಂಬ ಪಾದ್ರಿ-ವಿದ್ವಾಂಸ. 1898ರಲ್ಲಿ ಮೊದಲು ಬಂದ, 1901ರಲ್ಲಿ ಮೀಲಿಶ್ ಎಂಬ ಕಲಾವಿದನನ್ನು ಕರೆತಂದು ಚಿತ್ರಗಳ ನಕಲು ತೆಗೆಸಿದ. ಅಷ್ಟಕ್ಕೇ ನಿಲ್ಲಿಸದೆ ಗೋಡೆಯಿಂದ ಚೂರು ಬಿಡಿಸಿಕೊಳ್ಳಲೂ ನೋಡಿದರು. ರಾಜರಿಗೆ ಪೆಟ್ಟಾದದ್ದು ಹಾಗೆ. ತೋರಿಸಿದವರೇ ಕೆಡಿಸಿದರು.

ಕಟ್ಟಿಸಿದವನ ಹೆಸರು ತುಂಬ ಕಾಲ ಬರೀ ಊಹೆಯಾಗಿತ್ತು. 2012ರಲ್ಲಿ ಗೋಡೆ ತೊಳೆಯುವಾಗ ವಲೀದ್ ಇಬ್ನ್ ಯಜೀದ್ ಎಂಬ ಹೆಸರೇ ಸಿಕ್ಕಿತು. ಇವನ ಕಥೆ ವಿಚಿತ್ರ. ಚಿಕ್ಕಪ್ಪ ಹಿಶಾಮ್ ಖಲೀಫ, ಅವನ ನಂತರ ಇವನೇ. ಆದರೆ ಚಿಕ್ಕಪ್ಪ 724ರಿಂದ 743ರವರೆಗೆ ಗಾದಿ ಬಿಡಲಿಲ್ಲ. ಇವನು ಮರಳುಗಾಡಿನಲ್ಲಿ ಬೇಟೆ, ಹಾಡು, ಕುಡಿತ, ಕವಿತೆ ಅಂತ ಕಾಲ ಕಳೆದ. ಕೊನೆಗೂ ಖಲೀಫನಾದ, ಒಂದು ವರ್ಷದ ಮೇಲೆ ಸ್ವಲ್ಪ ದಿನಕ್ಕೆ ಕೊಲೆಯಾದ. ಈ ಚಿತ್ರಗಳೆಲ್ಲ ಅವನು ಕಾಯುತ್ತಾ ಕೂತಿದ್ದ ಕಾಲದವು.

ಇಷ್ಟು ಹೊತ್ತು ಅಪ್ಪ ಎಲ್ಲಿ? ಒಳಗಿನ ಸ್ನಾನದ ಕೋಣೆಯಲ್ಲಿ ಬಗ್ಗಿ ನಿಂತು ನೆಲದ ಕೆಳಗೆ ಇಣುಕುತ್ತಿದ್ದರು. ನೆಲವನ್ನು ಗಿಡ್ಡ ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಗೋಡೆಯಾಚೆ ಒಲೆ ಹಚ್ಚಿದರೆ ಬಿಸಿ ಗಾಳಿ ನೆಲದ ಕೆಳಗೆ ಹರಿದು ಕೋಣೆ ಕಾಯುತ್ತದೆ. "ಹಂಡೆ ಒಲೆ ಕಣಮ್ಮ! ನಮ್ಮಜ್ಜಿ ಬಚ್ಚಲಲ್ಲಿ ನೀರು ಮಾತ್ರ ಕಾಯ್ತಿತ್ತು, ಇವ್ರು ರೂಮನ್ನೇ ಕಾಯಿಸಿದಾರೆ." ಆ ಕೋಣೆಯ ಗುಮ್ಮಟದ ಒಳಗೆ ನಕ್ಷತ್ರಗಳ ಆಕಾಶ ಬರೆದಿದ್ದಾರೆ. ಕರಡಿ, ಸರ್ಪ, ರಾಶಿಚಕ್ರ ಎಲ್ಲ ಇವೆ. ಗುಮ್ಮಟದಲ್ಲಿ ಬರೆದ ಆಕಾಶಗಳಲ್ಲಿ ಉಳಿದಿರುವುದರಲ್ಲೇ ಇದು ಅತಿ ಹಳೆಯದು. ಆದರೆ ಎಡ ಬಲ ಅದಲು ಬದಲಾಗಿದೆ. ಗೋಳದ ಮೇಲಿನ ನಕ್ಷೆಯನ್ನು ನೋಡಿ ಹಾಗೇ ಇಳಿಸಿದ್ದರಿಂದ ಹೀಗಾಯಿತು ಎನ್ನುತ್ತಾರೆ. ಬಿಸಿನೀರಿನ ಹಬೆಯಲ್ಲಿ ಮಲಗಿ ರಾಜಕುಮಾರ ಉಲ್ಟಾ ಆಕಾಶ ನೋಡುತ್ತಿದ್ದ.

ಹೊರಗೆ ಬಂದರೆ ಅಪ್ಪನಿಗೆ ಬೇಕಾಗಿದ್ದು ಸಿಕ್ಕಿತು. ಕಲ್ಲು ಕಟ್ಟಿದ ಬಾವಿ, ನೂರಡಿಗೂ ಜಾಸ್ತಿ ಆಳ. ಪಕ್ಕದಲ್ಲೇ ಪ್ರಾಣಿ ಸುತ್ತು ಹಾಕಿ ನೀರೆತ್ತುತ್ತಿದ್ದ ದುಂಡು ಜಾಗ. ನಮ್ಮ ಕಪಿಲೆಯಲ್ಲಿ ಎತ್ತು ಇಳಿಜಾರಿನಲ್ಲಿ ಹಿಂದೆ ಮುಂದೆ ಹೋಗುತ್ತದೆ, ಇಲ್ಲಿ ಗಾಣದ ಹಾಗೆ ಸುತ್ತುತ್ತದೆ ಎಂದು ಅಪ್ಪ ಗೈಡ್‌ಗೆ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದರು. ಇಬ್ಬರೂ ಕುಕ್ಕರಗಾಲಲ್ಲಿ ಕೂತಿದ್ದರು. ಮಂಡಿ ನೋವು ಎಲ್ಲಿ ಹೋಯಿತೋ! ಗುಂಪಿನ ಬಸ್ಸಾಗಿದ್ದರೆ ಇಷ್ಟು ಹೊತ್ತಿಗೆ ಸೀಟಿ ಊದಿರುತ್ತಿದ್ದರು.

ಅಜ್ರಕ್ ತಲುಪುವಾಗ ಮಧ್ಯಾಹ್ನ. ಇಲ್ಲಿಂದ ಬಯಲಿನ ಬಣ್ಣ ಕಪ್ಪಾಗುತ್ತದೆ, ಜ್ವಾಲಾಮುಖಿಯ ಕಲ್ಲು. ಕೋಟೆಯೂ ಅದೇ ಕಪ್ಪು ಕಲ್ಲಿನದು. ರೋಮನ್ನರು ಶುರು ಮಾಡಿದ್ದು, 1237ರಲ್ಲಿ ಇಜ್ಜುದ್ದೀನ್ ಐಬಕ್ ಎಂಬ ಅಧಿಕಾರಿ ಮತ್ತೆ ಕಟ್ಟಿಸಿದ್ದು. 1917ರ ಚಳಿಗಾಲದಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಹೆಸರಾದ ಬ್ರಿಟಿಷ್ ಅಧಿಕಾರಿ ಟಿ. ಇ. ಲಾರೆನ್ಸ್ ಬಾಗಿಲ ಮೇಲಿನ ಕೋಣೆಯಲ್ಲಿ ಇದ್ದ ಎಂದು ಎಲ್ಲರೂ ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಬಾಗಿಲೇ ಹೆಚ್ಚು ಹಿಡಿಸಿತು. ಮರದ್ದಲ್ಲ, ಇಡೀ ಕಲ್ಲಿನ ಹಲಗೆ. ಗೈಡ್ ಭುಜ ಕೊಟ್ಟು ತಳ್ಳಿದರು. ಬೀಸುಕಲ್ಲಿನ ಸದ್ದು ಮಾಡುತ್ತಾ ಅದು ನಿಜವಾಗಿಯೂ ತಿರುಗಿತು! ಹೊಸ್ತಿಲ ಹತ್ತಿರ ನೆಲಹಾಸಿನ ಕಲ್ಲಿನಲ್ಲಿ ಸಾಲಾಗಿ ಗುಳಿಗಳು, ಕಾವಲಿನ ಸಿಪಾಯಿಗಳು ಹೊತ್ತು ಹೋಗದೆ ಆಡುತ್ತಿದ್ದ ಆಟ. ಅಳಗುಳಿ ಮಣೆಯೇ. ಅಪ್ಪ ಜೇಬಿನಿಂದ ಕಡಲೆಬೀಜ ತೆಗೆದು ಗುಳಿಗೆ ಹಾಕಲು ಹೋದರು, ನಾನು ಬೇಡ ಎಂದೆ.

ಊಟಕ್ಕೆ ನಾವು ಸಸ್ಯಾಹಾರಿ ಎಂದಾಗ ಖಲಾಯೆತ್ ಬಂದೋರಾ ಬಂತು. ಟೊಮೆಟೊ, ಬೆಳ್ಳುಳ್ಳಿ, ಹಸಿಮೆಣಸು ಆಲಿವ್ ಎಣ್ಣೆಯಲ್ಲಿ ಬೇಯಿಸಿದ್ದು, ಬಾಣಲೆ ಸಮೇತ. ರೊಟ್ಟಿಯಲ್ಲಿ ಬಳಿದುಕೊಂಡು ತಿನ್ನುವುದು. "ಟೊಮೆಟೊ ಗೊಜ್ಜು" ಎಂದು ಅಪ್ಪ ತೀರ್ಪು ಕೊಟ್ಟು ಎರಡನೇ ಸಲ ಹಾಕಿಸಿಕೊಂಡರು.

ಅಜ್ರಕ್ ಅಂದರೆ ನೀಲಿ. ನೀಲಿ ಎಲ್ಲಿ ಅಂತ ಕೇಳಿದ್ದಕ್ಕೆ ಗೈಡ್ ಪಟ್ಟಿಯಲ್ಲಿ ಇಲ್ಲದ ಒಂದು ಕಡೆಗೆ ಕಾರು ತಿರುಗಿಸಿದರು. ಅಜ್ರಕ್‌ನ ಜೌಗು ಪ್ರದೇಶ. ಮರಳುಗಾಡಿನ ನಡುವೆ ಬುಗ್ಗೆಗಳು ಉಕ್ಕಿ ನೀರು ನಿಲ್ಲುತ್ತಿತ್ತು, ಲಕ್ಷಾಂತರ ಹಕ್ಕಿಗಳು ಇಳಿಯುತ್ತಿದ್ದವು. ರೋಮನ್ನರು, ಉಮಯ್ಯದ್‌ರು, ಲಾರೆನ್ಸ್ ಎಲ್ಲ ಇಲ್ಲಿಗೆ ಬಂದದ್ದು ಈ ನೀರಿಗಾಗಿ. 1980ರ ದಶಕದಿಂದ ಅಮ್ಮಾನ್‌ಗೆ ಅಂತ ಬೋರ್ ಕೊರೆದು ಪಂಪ್ ಹಚ್ಚಿದರು, ಸುತ್ತ ರೈತರೂ ಕೊರೆದರು. 1992ರಲ್ಲಿ ಬುಗ್ಗೆಗಳು ಪೂರ್ತಿ ಬತ್ತಿದವು. ಈಗ ಇರುವುದು ಪೈಪಿನಲ್ಲಿ ವಾಪಸ್ ಬಿಟ್ಟ ನೀರು, ಹಳೆಯದರ ಒಂದು ಮೂಲೆಯಷ್ಟು. ಅದರಲ್ಲಿ ಒಂದು ಪುಟ್ಟ ಮೀನಿದೆ, ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ್ದು. ಹೇಗೋ ಉಳಿಸಿಕೊಂಡಿದ್ದಾರೆ.

ಮರದ ಹಲಗೆಯ ದಾರಿಯಲ್ಲಿ ಜೊಂಡಿನ ನಡುವೆ ನಡೆದೆವು. ಎಮ್ಮೆಗಳಿದ್ದವು. ಅಪ್ಪ ಕಂಬಿ ಹಿಡಿದು ನಿಂತರು. ಬೆಳಗಿನಿಂದ ಅಷ್ಟು ಮಾತಾಡಿದವರು ಇಲ್ಲಿ ಒಂದೂ ಪ್ರಶ್ನೆ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನಮ್ಮ ಕಡೆ ನಾನೇ ಎಷ್ಟು ಬೋರ್ ಪಾಯಿಂಟ್ ತೋರಿಸಿದೀನೋ" ಎಂದರು. ಗೈಡ್‌ಗೆ ಅದನ್ನು ಅನುವಾದ ಮಾಡಿ ಹೇಳಲು ನಾನು ಹೋಗಲಿಲ್ಲ.

ವಾಪಸ್ ಬರುವಾಗ ಹಲ್ಲಾಬಾತ್ ಕೋಟೆ ನೋಡಿದೆವು, ಆದರೆ ಓಡುತ್ತಾ. ಬೈಜಾಂಟಿಯಂ ದೊರೆ ಅನಸ್ತಾಸಿಯಸ್‌ನ ಶಾಸನದ ಕಲ್ಲುಗಳನ್ನು ಮುಂದೆ ಬಂದವರು ಕಿತ್ತು, ಹಿಂದುಮುಂದಾಗಿ ಗೋಡೆಗೆ ಇಟ್ಟು ಗಾರೆ ಬಳಿದುಬಿಟ್ಟಿದ್ದರಂತೆ. ನಮ್ಮೂರಲ್ಲಿ ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗುವ ಹಾಗೆ. ಅಪ್ಪ ಕಾರಲ್ಲೇ ನಿದ್ದೆ ಹೋಗಿದ್ದರು.

ಅಮ್ಮಾನ್ ಮುಟ್ಟಿದಾಗ ದೀಪ ಹತ್ತಿತ್ತು. ಒಂದು ಟೀ ಕುಡಿದು ಹೋಗಿ ಎಂದು ಗೈಡ್‌ರನ್ನು ಬಲವಂತ ಮಾಡಿದೆ. ಆತ ಫೋನ್ ನೋಡಿ ಕೈ ಮುಗಿದರು. ಮನೆಯಿಂದ ಎರಡು ಸಲ ಕರೆ ಬಂದಿತ್ತು, ಇವತ್ತು ಅವರ ಏರಿಯಾಗೆ ನೀರು ಬರುವ ದಿನ.

ಅಪ್ಪ ತಕ್ಷಣ ಕಾರಿನ ಬಾಗಿಲು ತೆಗೆದು ಹಿಡಿದರು. "ಹೋಗಿ ಸಾರ್, ಹೋಗಿ. ಮೋಟಾರ್ ಇದೆಯಾ, ಇಲ್ಲಾ ಸುಮ್ನೆ ಪ್ರೆಶರ್‌ಗೇ ಮೇಲೆ ಹತ್ತುತ್ತಾ?"

"ಮೋಟಾರ್ ಇದೆ ಅಮ್ಮೊ. ಆದರೆ ಪಕ್ಕದ ಮನೆಯವರದು ನಮ್ಮದಕ್ಕಿಂತ ದೊಡ್ಡದು."

"ಹಾಗಾದ್ರೆ ಬೇಗ ಹೋಗಿ" ಎಂದರು ಅಪ್ಪ.