ಬೆಳ್ಳಿಯ ಕಣ್ಣಿನ ಪೊರೆ, ಹನಿಗಳ ಲೆಕ್ಕ

ನಮ್ಮ ಮನೆಯ ಸ್ಪಿಟ್ಜ್ ನಾಯಿ ಬೆಳ್ಳಿಗೆ ಒಂಬತ್ತು ವರ್ಷ. ಕಳೆದ ಮಳೆಗಾಲದಲ್ಲಿ ಅವಳಿಗೆ ಸಕ್ಕರೆ ಕಾಯಿಲೆಯಿರುವುದು ಗೊತ್ತಾಯಿತು. ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚುವುದನ್ನು ಕಲಿತು ನಾವು ಸುಧಾರಿಸಿಕೊಳ್ಳುವಷ್ಟರಲ್ಲಿ ಅವಳ ಎರಡೂ ಕಣ್ಣುಗಳು ಬೆಳ್ಳಗಾಗಿ, ಬಾಗಿಲೆಂದುಕೊಂಡು ಗೋಡೆಗೆ ಮೂತಿ ತಾಗಿಸತೊಡಗಿದಳು.

ವಯಸ್ಸಾದ ನಾಯಿಗಳ ಮಸೂರ ಗಟ್ಟಿಯಾಗಿ ನೀಲಿಛಾಯೆಯ ಮಬ್ಬು ಕವಿಯುವುದುಂಟು. ಅದರಿಂದ ದೃಷ್ಟಿಗೆ ಹೆಚ್ಚಿನ ಅಡ್ಡಿಯಿಲ್ಲ. ಇದೂ ಅದೇ ಇರಬೇಕೆಂದು ನಾವು ಕೆಲವು ದಿನ ಕಳೆದೆವು. ನಂತರ ತೋರಿಸಿದ ಕ್ಲಿನಿಕ್ಕಿನಲ್ಲಿ ‘ಪೊರೆ ಪೂರ್ತಿ ಬಲಿಯಲಿ, ಆಮೇಲೆ ನೋಡೋಣ’ ಎಂದದ್ದನ್ನು ನಂಬಿ ಇನ್ನೂ ಮೂರು ವಾರ ಕಳೆದೆವು. ಆ ಮಾತು ಹಳೆಯ ಕಾಲದ್ದು. ರಕ್ತದಲ್ಲಿ ಹೆಚ್ಚಾದ ಗ್ಲೂಕೋಸ್ ಮಸೂರದೊಳಗೆ ಸಾರ್ಬಿಟಾಲ್ ಎಂಬ ವಸ್ತುವಾಗಿ ಮಾರ್ಪಟ್ಟು ಅಲ್ಲೇ ಉಳಿದು ನೀರನ್ನು ಒಳಗೆಳೆದುಕೊಳ್ಳುವುದರಿಂದ, ಸಕ್ಕರೆ ಕಾಯಿಲೆಯ ನಾಯಿಗಳಲ್ಲಿ ಪೊರೆ ವಾರಗಳಲ್ಲೇ ಬಲಿತುಬಿಡುತ್ತದೆ. ಬಲಿತ ಮಸೂರದಿಂದ ಪ್ರೋಟೀನ್ ಸೋರಿ ಕಣ್ಣಿನೊಳಗೆ ಉರಿಯೂತ ಹುಟ್ಟುತ್ತದೆ. ಕಣ್ಣಿನ ತಜ್ಞರ ಬಳಿಗೆ ಹೋಗುವ ಹೊತ್ತಿಗೆ ಬೆಳ್ಳಿಗೆ ಅದಾಗಲೇ ಶುರುವಾಗಿತ್ತು.

ಪೊರೆ ಅಡ್ಡವಿರುವಾಗ ಅದರ ಹಿಂದಿನ ರೆಟಿನಾ (ಬೆಳಕನ್ನು ಗ್ರಹಿಸುವ ಪದರ) ವೈದ್ಯರಿಗೂ ಕಾಣದು. ಅದು ಕೆಟ್ಟಿದ್ದರೆ ಆಪರೇಷನ್ ವ್ಯರ್ಥವಾದ್ದರಿಂದ, ಮೊದಲು ಅಲ್ಟ್ರಾಸೌಂಡ್ ಮತ್ತು ರೆಟಿನಾ ಬೆಳಕಿಗೆ ಸ್ಪಂದಿಸುತ್ತಿದೆಯೇ ಎಂದು ನೋಡುವ ಇಆರ್‌ಜಿ ಪರೀಕ್ಷೆ ಮಾಡಿದರು.

ಎರಡು ವರ್ಷದ ಹಿಂದೆ ಇದೇ ಆಪರೇಷನ್ ಮಾಡಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆ ಸೇರಿದ್ದ ನಮ್ಮ ಅತ್ತೆಯವರು, ‘ಇದಕ್ಕ್ಯಾಕೆ ಇಷ್ಟೊಂದು ಸಂಭ್ರಮ?’ ಎಂದು ಕೇಳಿದರು. ವಿಧಾನ ಒಂದೇ: ಸುಮಾರು 3 ಮಿಲಿಮೀಟರ್ ಸೀಳಿನೊಳಗಿಂದ ಅಲ್ಟ್ರಾಸೌಂಡ್ ಕಂಪನದಿಂದ ಮಸೂರವನ್ನು ಒಡೆದು ಹೀರಿ ತೆಗೆಯುವುದು. ಆದರೆ ಅಲುಗಾಡಬೇಡವೆಂದರೆ ಅತ್ತೆಯವರು ಸುಮ್ಮನಿರಬಲ್ಲರು, ಬೆಳ್ಳಿ ಇರಲಾರಳು. ಪೂರ್ತಿ ಅರಿವಳಿಕೆ ಕೊಟ್ಟರೂ ನಾಯಿಯ ಕಣ್ಣುಗುಡ್ಡೆ ಕೆಳಕ್ಕೆ ಹೊರಳುವುದರಿಂದ ಸ್ನಾಯು ಸಡಿಲಿಸುವ ಔಷಧವನ್ನೂ ಕೊಟ್ಟು, ಯಂತ್ರದಿಂದ ಉಸಿರಾಡಿಸಬೇಕಾಗುತ್ತದೆ. ಕೃತಕ ಮಸೂರವೂ ಬೇರೆ. ಮನುಷ್ಯರದ್ದು ಸಾಮಾನ್ಯವಾಗಿ 20 ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ) ಆಸುಪಾಸಿನದಾದರೆ ನಾಯಿಯದ್ದು 41ರ ಆಸುಪಾಸಿನದು.

ಆಪರೇಷನ್ ಒಂದೇ ಬೆಳಗಿನಲ್ಲಿ ಮುಗಿಯಿತು. ಹನಿ ಹಾಕುವ ಕೆಲಸ ಮುಗಿಯಲಿಲ್ಲ. ಉರಿಯೂತಕ್ಕೆ ಎರಡು ಬಗೆಯ ಹನಿ, ಸೋಂಕು ತಗಲದಿರಲು ಇನ್ನೊಂದು; ಒಂದು ಹನಿ ಇನ್ನೊಂದನ್ನು ತೊಳೆದುಹಾಕದಂತೆ ನಡುವೆ ಐದು ನಿಮಿಷ ಬಿಡಬೇಕು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಇದನ್ನೂ ಗುರುತು ಹಾಕುತ್ತಿದ್ದೆ. ನಾಲ್ಕೈದು ದಿನ ಗುದ್ದಾಡಿದ ಮೇಲೆ ಉಪಾಯ ಸಿಕ್ಕಿತು: ನೆಲದ ಮೇಲೆ ಕುಳಿತು, ಅವಳ ಬೆನ್ನು ನನ್ನ ಕಡೆಗಿರುವಂತೆ ಕಾಲುಗಳ ನಡುವೆ ಕೂರಿಸಿಕೊಂಡು, ಎಡಗೈಯಲ್ಲಿ ಗದ್ದ ಎತ್ತಿ, ಬಾಟಲಿ ಅವಳಿಗೆ ಕಾಣದಂತೆ ತಲೆಯ ಹಿಂದಿನಿಂದ ತರಬೇಕು. ಮುಚ್ಚಳ ತಿರುಗಿಸುವ ಸದ್ದನ್ನು ಮಾತ್ರ ಮರೆಮಾಡಲಾಗಲಿಲ್ಲ. ಅದು ಕೇಳಿದೊಡನೆ ಮಂಚದಡಿ ನುಸುಳುವಳು, ಕಣ್ಣುಜ್ಜಿಕೊಳ್ಳದಂತೆ ಕೊರಳಿಗೆ ಹಾಕಿದ್ದ ಪ್ಲಾಸ್ಟಿಕ್ ಕೋನ್ ಅಂಚಿಗೆ ಸಿಕ್ಕಿಕೊಂಡು ಅರ್ಧಕ್ಕೇ ನಿಲ್ಲುವಳು.

ಕೊರಳಪಟ್ಟಿ ಬಿಗಿದರೆ ಕಣ್ಣಿನ ಒತ್ತಡ ಏರುವುದರಿಂದ ಎದೆಗೆ ತೊಡಿಸುವ ಹಾರ್ನೆಸ್ ತಂದೆವು. ಸ್ಟೀರಾಯ್ಡ್ ಹನಿಗಳಿಂದ ಸಕ್ಕರೆ ಸ್ವಲ್ಪ ಏರಿದಾಗ ವೈದ್ಯರು ಇನ್ಸುಲಿನ್ ಪ್ರಮಾಣವನ್ನು ಬದಲಿಸಿದರು. ತಪ್ಪಾದದ್ದು ನನ್ನಿಂದ. ಹನ್ನೆರಡನೆಯ ದಿನ, ಊಟದ ಹೊತ್ತಿಗಾದರೂ ಆರಾಮವಾಗಿರಲೆಂದು ಕನಿಕರಪಟ್ಟು ಕೋನ್ ತೆಗೆದೆ. ತಟ್ಟೆ ತರುವಷ್ಟರಲ್ಲಿ ಅವಳು ಸೋಫಾದ ಅಂಚಿಗೆ ಕಣ್ಣುಜ್ಜಿಕೊಂಡಿದ್ದಳು. ಸಂಜೆಗೆ ಬಲಗಣ್ಣು ಕೆಂಪಾಗಿ ಅರ್ಧ ಮುಚ್ಚಿತ್ತು. ರಾತ್ರಿಯೇ ಆಸ್ಪತ್ರೆಗೆ ಒಯ್ದಾಗ ಕಣ್ಣಿನ ಒತ್ತಡ 28ಕ್ಕೆ ಏರಿತ್ತು. ಗಾಯ ಬಿಚ್ಚಿರಲಿಲ್ಲ, ಒತ್ತಡ ಇಳಿಸುವ ನಾಲ್ಕನೆಯ ಬಾಟಲಿಯೊಂದಿಗೆ ಮರಳಿದೆವು.

ಕಣ್ಣಿನ ಒತ್ತಡ ಏರಿ ದೃಷ್ಟಿ ಕೆಡಿಸುವ ಗ್ಲಾಕೋಮಾ ಮತ್ತು ರೆಟಿನಾ ಕಳಚುವ ಅಪಾಯ ಆಪರೇಷನ್ ಆಗಿ ವರ್ಷಗಳ ನಂತರವೂ ಇರುವುದರಿಂದ ತಪಾಸಣೆ ತಪ್ಪಿಸುವಂತಿಲ್ಲ. ಈಗ ದಿನಕ್ಕೊಂದೇ ಹನಿ ಉಳಿದಿದೆ. ಮೊನ್ನೆ ಬೆಳಿಗ್ಗೆ ಗೋಡೆಯ ಮೇಲಿನ ಹಲ್ಲಿಯನ್ನು ಕಂಡು ಬೆಳ್ಳಿ ಬೊಗಳಿದಳು. ಬೊಗಳುತ್ತಿರುವಾಗಲೇ ನಾನು ಮುಚ್ಚಳ ತಿರುಗಿಸಿದೆ, ಅವಳಿಗೆ ಕೇಳಿಸಲಿಲ್ಲ.