ರಾತ್ರಿಯ ಕಯೋಟಿಗೆ ಯಾವ ತೋಟಾ? ಮೊದಲು ದೂರ ಅಳೆಯಿರಿ

ಟೆಕ್ಸಸ್‌ನ ಸ್ಯಾನ್ ಆಂಜೆಲೊ ಸುತ್ತಮುತ್ತ ಕುರಿ, ಆಡು ಸಾಕುವವರು ಜಾಸ್ತಿ. ನಾನು ಇಲ್ಲಿಯ ಒಂದು ಅಂಗಡಿಯ ಬಂದೂಕು ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಕುರಿ ಮರಿ ಹಾಕುವ ಕಾಲ ಬಂತೆಂದರೆ ಬಂದವರೆಲ್ಲ ಕೇಳುವುದು ಒಂದೇ: "ರಾತ್ರಿ ಕಯೋಟಿ ಬರ್ತಿದೆ, ಯಾವ ತೋಟಾ ಕೊಡ್ತೀರಿ?"

ಕಯೋಟಿ ನಮ್ಮೂರ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಇಲ್ಲಿಯದು ಸಾಮಾನ್ಯವಾಗಿ 12–14 ಕಿಲೋ ತೂಗುತ್ತದೆ. ಮರಿಯ ಗಂಟಲಿಗೇ ಬಾಯಿ ಹಾಕುತ್ತದೆ. ಬೆಳಗ್ಗೆ ಎದ್ದು ಸತ್ತ ಮರಿಗಳನ್ನು ಎತ್ತಿ ಹಾಕಿ ಬಂದವರಿಗೆ ಸಿಟ್ಟು ಇರುತ್ತದೆ. ಆ ಸಿಟ್ಟಿನಲ್ಲಿ ಅಂಗಡಿಯಲ್ಲಿರುವ ಅತಿ ದಪ್ಪ ಚರೆಯನ್ನೇ (ತೋಟಾದೊಳಗಿನ ಗುಂಡಿನ ಕಾಳು) ಕೇಳುತ್ತಾರೆ. ಇಲ್ಲಿ ಅದಕ್ಕೆ ಡಬಲ್ ಆಟ್ ಬಕ್ ಎನ್ನುತ್ತಾರೆ. ಕೊಡಗು, ಮಲೆನಾಡಿನವರಿಗೆ ಹೇಳುವುದಾದರೆ ಹೆಚ್ಚುಕಡಿಮೆ ಎಸ್‌ಜಿ ಗಾತ್ರ.

ಒಂದು ಚರೆ ಸುಮಾರು 8.4 ಮಿಲಿಮೀಟರ್ ದಪ್ಪ. ಸರಿಯಾದ ಜಾಗಕ್ಕೆ ತಗುಲಿದರೆ ಸಾಕು, ಸಂದೇಹವಿಲ್ಲ. ಆದರೆ 12 ಬೋರಿನ 2¾ ಇಂಚು ಉದ್ದದ ತೋಟಾದಲ್ಲಿ ಇರುವುದು ಸಾಮಾನ್ಯವಾಗಿ ಒಂಬತ್ತೇ ಚರೆ. ಅದಕ್ಕಿಂತ ಸಣ್ಣದಾದ ನಂಬರ್ 4 ಬಕ್ ಚರೆ ಸುಮಾರು 6 ಮಿಲಿಮೀಟರ್. 2¾ ಇಂಚಿನಲ್ಲಿ 27, ಮೂರು ಇಂಚಿನಲ್ಲಿ 41 ಇರುತ್ತವೆ.

ಈಗ ಲೆಕ್ಕ ನೋಡಿ. ಚರೆ ಹೆಚ್ಚು ಚದುರದಂತೆ ನಳಿಗೆಯ ತುದಿಯನ್ನು ಬಿಗಿ ಮಾಡುವುದೇ ಚೋಕ್. ಫುಲ್ ಚೋಕ್ ಎಂದರೆ 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ಸುಮಾರು ನೂರಕ್ಕೆ 70 ಚರೆ ಬೀಳಬೇಕು ಎಂಬುದು ಹಳೆಯ ಅಳತೆ. ಕಯೋಟಿಯ ಎದೆಯಲ್ಲಿ ಪ್ರಾಣ ಹೋಗುವ ಜಾಗ ಎಂಟು ಇಂಚು ಅಗಲ ಅಂದುಕೊಳ್ಳಿ. ಅದು ಆ ದೊಡ್ಡ ವೃತ್ತದ ಹದಿನಾಲ್ಕರಲ್ಲಿ ಒಂದು ಭಾಗ. ಚರೆ ಸಮನಾಗಿ ಹರಡಿದರೆ 41ರ ತೋಟಾದಿಂದ ಆ ಜಾಗಕ್ಕೆ ಎರಡು ಬೀಳುತ್ತವೆ. ಒಂಬತ್ತರ ತೋಟಾದಿಂದ ಒಂದೂ ಬೀಳುವ ಖಾತ್ರಿ ಇಲ್ಲ. ಚಳಿಗಾಲದ ದಟ್ಟ ತುಪ್ಪಳದಿಂದ ಪ್ರಾಣಿ ದೊಡ್ಡದಾಗಿ ಕಾಣುತ್ತದೆ, ಒಳಗಿನ ಮೈ ಸಣ್ಣದೇ. ಹೊಟ್ಟೆಗೋ ಕಾಲಿಗೋ ಒಂದು ಚರೆ ತಗುಲಿಸಿಕೊಂಡು ಓಡಿಹೋಗುವ ಪ್ರಾಣಿಯ ಗತಿ ನೆನೆದರೆ ಹೊಟ್ಟೆ ಕಲಸುತ್ತದೆ. ಕುರಿ ಉಳಿಸಲು ಹೊಡೆಯುವವನಿಗೂ ಕಯೋಟಿಯನ್ನು ನರಳಿಸುವ ಹಕ್ಕಿಲ್ಲ.

ಹಾಗಾಗಿ ನಾನು ಮೂರು ಇಂಚಿನ ನಂಬರ್ 4 ಬಕ್ ತೋರಿಸುತ್ತೇನೆ. ಅದಕ್ಕೂ ಮೊದಲು ನಳಿಗೆಯ ಮೇಲೆ ಬರೆದ ಅಳತೆ ಓದಿಕೊಂಡು ಬರಲು ಹೇಳುತ್ತೇನೆ. 2¾ ಇಂಚಿನ ಕೋವಿಯೊಳಗೆ ಮೂರು ಇಂಚಿನ ತೋಟಾ ಕೂತುಬಿಡಬಹುದು, ಆದರೆ ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಟಂಗ್‌ಸ್ಟನ್ ಚರೆಯೂ ಇದೆ. ಸೀಸಕ್ಕಿಂತ ಭಾರ, ಒಂದಿಷ್ಟು ದೂರ ಜಾಸ್ತಿ ಸಿಗುತ್ತದೆ, ಬೆಲೆ ಮಾತ್ರ ಬಲು ದುಬಾರಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಯಾವ ಬೇಟೆಗೂ ಸೀಸ ಬಳಸುವಂತಿಲ್ಲ, ಅಲ್ಲಿ ಸೀಸವಲ್ಲದ ಚರೆಯೇ ಬೇಕು.

ಒಬ್ಬ ಹಿರಿಯ ಗಿರಾಕಿ ತೋಟಾ ಸರಿಯಿಲ್ಲ ಎಂದು ಡಬ್ಬಿ ವಾಪಸ್ ತಂದಿದ್ದರು. "ನಲವತ್ತೇ ಗಜ, ಆದ್ರೂ ಓಡಿಹೋಯ್ತು" ಎಂದರು. ಹಗಲಲ್ಲಿ ಹೋಗಿ ರೇಂಜ್‌ಫೈಂಡರಿನಿಂದ ಅಳೆದು ಬನ್ನಿ ಎಂದೆ. ಅಳೆದರು. ಅರವತ್ತು ದಾಟಿತ್ತು. ರಾತ್ರಿ ಹೀಗೇ ಆಗುವುದು. ಬೆಳಕಿಗೆ ಹೊಳೆಯುವ ಕಣ್ಣು ಹತ್ತಿರವೇ ಇದ್ದಂತೆ ಅನಿಸುತ್ತದೆ. ಥರ್ಮಲ್ ಸ್ಕೋಪಿನಲ್ಲಿ ಬಿಸಿಯ ಆಕಾರ ಎದ್ದು ಕಾಣುತ್ತದೆ, ನಡುವಿನ ನೆಲ ಎಷ್ಟು ಅಂತ ತಿಳಿಯುವುದಿಲ್ಲ.

ಆಮೇಲೆ ಅವರು ಒಂದು ಕೆಲಸ ಮಾಡಿದರು, ಈಗ ಅದನ್ನೇ ಎಲ್ಲರಿಗೂ ಹೇಳುತ್ತೇನೆ. ದೊಡ್ಡ ಕಾಗದದ ಮೇಲೆ ಎಂಟು ಇಂಚಿನ ವೃತ್ತ ಬರೆದು, 25, 30, 35, 40 ಗಜದಿಂದ ತಮ್ಮದೇ ಕೋವಿ, ತಮ್ಮದೇ ಚೋಕ್, ಅದೇ ತೋಟಾದಲ್ಲಿ ಹೊಡೆದು ನೋಡಿದರು. ಒಂದೊಂದು ದೂರಕ್ಕೂ ಹೊಸ ಕಾಗದ, ಒಂದಕ್ಕಿಂತ ಹೆಚ್ಚು ಈಡು. ವೃತ್ತದೊಳಗೆ ಪ್ರತಿ ಸಲವೂ ನಾಲ್ಕು ಚರೆಯಾದರೂ ಬೀಳಬೇಕು ಅನ್ನುವುದು ನನ್ನ ಲೆಕ್ಕ. ಅದು ತಪ್ಪಿದ ದೂರವೇ ಕೊನೆ. ಅವರದು 35ಕ್ಕೆ ನಿಂತಿತು. ಅತಿ ಬಿಗಿ ಚೋಕ್ ಹಾಕಿದರೆ ದಪ್ಪ ಚರೆ ಕೆಲವೊಮ್ಮೆ ಇನ್ನೂ ಚದುರುತ್ತದೆ. ಅದಕ್ಕೇ ಚೋಕ್ ಬದಲಿಸಿದರೂ, ತೋಟಾದ ಕಂಪನಿ ಬದಲಿಸಿದರೂ ಮತ್ತೆ ಕಾಗದಕ್ಕೆ ಹೊಡೆಯಬೇಕು.

ದೂರ ಗೊತ್ತಾದ ಮೇಲೆ, ಹಗಲಲ್ಲೇ ಕೂರುವ ಜಾಗದಿಂದ ಅಳೆದು ಗೂಟ ನೆಡಬೇಕು. ಕಯೋಟಿಯನ್ನು ಸೆಳೆಯುವ ಕೂಗಿನ ಯಂತ್ರವನ್ನು ಗೂಟಕ್ಕಿಂತ ಒಳಗೇ ಇಡಬೇಕು. ಕಯೋಟಿ ವಾಸನೆ ಹಿಡಿಯಲು ಗಾಳಿ ಹೋಗುವ ಕಡೆಯಿಂದ ಸುತ್ತಿ ಬರುತ್ತದೆ, ಆ ಬದಿಗೂ ಒಂದು ಗೂಟ ಇರಲಿ. ಗೂಟದಾಚೆ ನಿಂತ ಕಣ್ಣಿಗೆ ಕೋವಿಯ ಕುದುರೆ (ಟ್ರಿಗರ್) ಎಳೆಯಬಾರದು.

ರಾತ್ರಿ ಬೇಟೆಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಮೊದಲೇ ಓದಿಕೊಳ್ಳಬೇಕು. (ಕರ್ನಾಟಕದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ನರಿ, ತೋಳ ರಕ್ಷಿತ ಪ್ರಾಣಿಗಳು. ಅಲ್ಲಿ ಈ ಮಾತೇ ಬರುವುದಿಲ್ಲ.) ಇನ್ನೊಂದು ಪ್ರಶ್ನೆ ಕೇಳದೆ ನಾನು ಡಬ್ಬಿ ಕೊಡುವುದಿಲ್ಲ: ಮಂದೆಯಲ್ಲಿ ಕಾವಲು ನಾಯಿ ಇದೆಯಾ? ಇಲ್ಲಿ ಗ್ರೇಟ್ ಪಿರನೀಸ್ ಎಂಬ ದೊಡ್ಡ ಬಿಳಿ ನಾಯಿ ಸಾಕುತ್ತಾರೆ. ಥರ್ಮಲ್‌ನಲ್ಲಿ ಬಿಳಿ ಬಣ್ಣ ಕಾಣುವುದಿಲ್ಲ. ನಾಯಿಯೋ ಕಯೋಟಿಯೋ ಅಂತ ಖಚಿತವಾಗುವ ತನಕ, ಅದರ ಹಿಂದೆ ಏನಿದೆ ಅಂತ ತಿಳಿಯುವ ತನಕ, ಬೆರಳು ಕುದುರೆಯಿಂದ ಹೊರಗೇ ಇರಬೇಕು.