ಗಮ್ ಹಾಕಬಾರದ ಕಡೆ ಗಮ್ ಹಾಕಿದೆ

ನಾನೇ ಕಪಾಟಿನ ಬಾಗಿಲು ಮಾಡಿಕೊಟ್ಟಿದ್ದ ಅಡುಗೆಮನೆಗೆ ಮತ್ತೆ ಕಾಲಿಟ್ಟಾಗ ಸಿಂಕ್ ಕೆಳಗಿನ ಬಾಗಿಲೇ ಮೊದಲು ಕಣ್ಣಿಗೆ ಬಿತ್ತು. ಕಡು ಹಸಿರು ಬಣ್ಣ. ನಡುವಿನ ಹಲಗೆಯಲ್ಲಿ ಮೇಲಿಂದ ಕೆಳಗಿನವರೆಗೆ ಸೀಳು. ಉಗುರು ಇಳಿಯುವಷ್ಟು ಬಿಟ್ಟುಕೊಂಡಿತ್ತು. ಮನೆಯವರು ಮಾತಾಡಲಿಲ್ಲ, ಸುಮ್ನೆ ನನ್ನ ಮುಖ ನೋಡುತ್ತಾ ನಿಂತರು. ನಾನು ಕುಕ್ಕರುಗಾಲಲ್ಲಿ ಕೂತು ಸೀಳಿನ ಮೇಲೆ ಬೆರಳಾಡಿಸಿದೆ. 'ಮರ ಸರಿ ಇರಲಿಲ್ಲ' ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಮರ ಚೆನ್ನಾಗೇ ಇತ್ತು. ತಪ್ಪು ನನ್ನದು ಅಂತ ನನಗೆ ಗೊತ್ತಿತ್ತು.

ಒಟ್ಟು 14 ಬಾಗಿಲು, ಮಳೆಗಾಲದಲ್ಲಿ ಮಾಡಿದ್ದು. ಗಮ್ ಇಲ್ಲದೆ ಒಮ್ಮೆ ಜೋಡಿಸಿ ನೋಡಿದಾಗ ಎರಡರಲ್ಲಿ ಹಲಗೆ ಲಟಲಟ ಅನ್ನುತ್ತಿತ್ತು. ಗ್ರೂವ್, ಅಂದರೆ ಹಲಗೆಯ ಅಂಚು ಕೂರಲು ಫ್ರೇಮ್‌ನಲ್ಲಿ ಕೊರೆದ ಸಂದು, ಸ್ವಲ್ಪ ಅಗಲ ಆಗಿತ್ತು. ಆ ಸದ್ದು ನನಗೆ ಆಗಲ್ಲ. ಗ್ರೂವ್ ಉದ್ದಕ್ಕೂ ಗಮ್ ಬಿಟ್ಟು ಕ್ಲ್ಯಾಂಪ್ ಬಿಗಿದೆ. "ಹಲಗೆಗೆ ಗಮ್ ಹಾಕ್ಬೇಡಪ್ಪ, ಅದು ಓಡಾಡ್ಬೇಕು" ಅಂತ ಮೇಸ್ತ್ರಿ ಎಷ್ಟು ಸಲ ಹೇಳಿದ್ದರೋ. ಇಷ್ಟು ಚಿಕ್ಕ ಹಲಗೆ ಎಷ್ಟು ಓಡಾಡೀತು ಅಂದುಕೊಂಡೆ.

400 ಮಿ.ಮೀ. ಅಗಲದ ಹಲಗೆ ತೇವದ ದಿನಗಳಿಂದ ಒಣ ಹವೆಗೆ ಬರುವಾಗ 4 ಮಿ.ಮೀ. ಕುಗ್ಗುವುದು ಮಾಮೂಲಿ. ಉದ್ದದಲ್ಲಿ ಏನೂ ಗೊತ್ತಾಗುವುದಿಲ್ಲ, ಅಗಲದಲ್ಲೇ ಎಲ್ಲ ಆಟ. ಎರಡೂ ಅಂಚು ಹಿಡಿದಿಟ್ಟರೆ ಅದು ನಡುವೆ ಸೀಳದೆ ಇನ್ನೇನು ಮಾಡುತ್ತದೆ?

ಉಳಿದ 12 ಬಾಗಿಲು ಸೀಳಿರಲಿಲ್ಲ. ಆದರೆ ಹಲಗೆ ಕುಗ್ಗಿ, ಫ್ರೇಮ್ ಒಳಗಿದ್ದ ಬಣ್ಣ ಕಾಣದ ಅಂಚು ಹೊರಗೆ ಬಂದಿತ್ತು. ಕಡು ಹಸಿರಿನ ಪಕ್ಕದಲ್ಲಿ ಬರಿ ಮರದ ಗೆರೆ, ಅಡುಗೆಮನೆ ಬಾಗಿಲಲ್ಲಿ ನಿಂತರೇ ಕಾಣುತ್ತಿತ್ತು. ಕೂಡಿಸಿದ ಮೇಲೆ ಸ್ಪ್ರೇ ಹೊಡೆದರೆ ಹೀಗೇ ಆಗುವುದು. ಹಲಗೆಗೆ ಮೊದಲೇ ಪ್ರೈಮರ್, ಬಣ್ಣ ಎರಡೂ ಆಗಿರಬೇಕು. ಅದಕ್ಕೆ ಎರಡು ದಿನ ಜಾಸ್ತಿ ಕೇಳಿದ್ದೆ, ನಮ್ಮ ವರ್ಕ್‌ಶಾಪ್ ಮಾಲೀಕರು ಕೊಡಲಿಲ್ಲ. ಅದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಆ ಎರಡು ದಿನ ಉಳಿಸಲು ಹೋಗಿ ರಿಪೇರಿಗೆ ಐದು ದಿನ ಹೋಯಿತು, ಅಲ್ವಾ?

ಮನೆಯವರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಸೀಳಿದ್ದು ಒಂದೇ ಆದರೂ ಗಮ್ ಹಾಕಿದ ಎರಡನ್ನೂ ಹೊಸದಾಗಿ ಮಾಡಿಕೊಟ್ಟೆ. ಈ ಸಲ ಗ್ರೂವ್ ಆಳ 10 ಮಿ.ಮೀ., ಎರಡೂ ಬದಿ 3 ಮಿ.ಮೀ. ಜಾಗ. ಹಲಗೆಯ ಮೇಲೆ ಕೆಳಗೆ ನಟ್ಟನಡುವೆ ಮಾತ್ರ ಒಂದೊಂದು ಸಣ್ಣ ಮೊಳೆ, ಕುಗ್ಗಿದರೆ ಎರಡೂ ಕಡೆ ಸಮ ಕುಗ್ಗಲಿ ಅಂತ. ಲಟಲಟ ನಿಲ್ಲಿಸಲು ಗ್ರೂವ್‌ನಲ್ಲಿ ರಬ್ಬರ್ ಚೂರು.

ಉಳಿದವಕ್ಕೆ ಒಣ ಹವೆ ಇದ್ದಾಗಲೇ ಬಣ್ಣ ಹಚ್ಚಿ ಆ ಗೆರೆ ಮುಚ್ಚಿದೆ. ಅಂಚಿಗೆ ಅಂಟಿದ ಬಣ್ಣವನ್ನು ಬ್ಲೇಡಿನಿಂದ ಬಿಡಿಸಿ, ಎರಡೂ ಹೆಬ್ಬೆರಳು ಹಲಗೆಗೆ ಒತ್ತಿ ತಳ್ಳಿದೆ. ಮೊದಲು ಅಲುಗಲಿಲ್ಲ. ಆಮೇಲೆ ಸರಕ್ಕನೆ ಪಕ್ಕಕ್ಕೆ ಸರಿಯಿತು. ಮೇಸ್ತ್ರಿ ಹೇಳಿದ ಓಡಾಟ ಆವತ್ತು ನನ್ನ ಬೆರಳಿಗೇ ತಿಳಿಯಿತು.

ಈಗ ಮತ್ತೊಂದು ಆರ್ಡರ್, 22 ಹಲಗೆ. ಫ್ರೇಮ್‌ಗಳನ್ನು ಇನ್ನೂ ಕೂಡಿಸಿಲ್ಲ. ಬಣ್ಣ ಹೊಡೆದ ಹಲಗೆಗಳು ಸಾಲಾಗಿ ಒಣಗುತ್ತಿವೆ. ಯಾವಾಗ ಮುಗಿಯುತ್ತೆ ಅಂತ ಮಾಲೀಕರು ಬೆಳಿಗ್ಗೆಯಿಂದ ಎರಡು ಸಲ ಬಂದು ಕೇಳಿ ಹೋದರು. ನಾಡಿದ್ದು ಅಂದಿದ್ದೇನೆ.